ಅಂಗೈಯವನು ಟೊಕುಜಿ

ಬೂಟಿನ ಕೊಂಡಿ ಹಾಕುವ ಕೆಲಸ ಕಿನುಯೊಳದು. ಹೆಬ್ಬೆರಳಿಗೆ ಬೇರೆ ಗೂಡಿರುವ ಬಟ್ಟೆಯ ಬೂಟು ಅದು. ಕಣಕಾಲಿನ ಒಳಮಗ್ಗುಲಲ್ಲಿ ಉಗುರಗಲದ ತಗಡಿನ ಕೊಂಡಿಗಳು, ಒಂದೊಂದನ್ನೂ ದಾರದ ಕುಣಿಕೆಗೆ ಸಿಕ್ಕಿಸಬೇಕು. ಟೊಕುಜಿ ಜಗುಲಿಯ ಅಂಚಿಗೆ ಕೂತು ಕಾಲು ಚಾಚಿದ. ಹೆಂಡತಿ ಕೆಳಗೆ ಮಣ್ಣುನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಕೊಂಡಿ ಸಿಕ್ಕಿಸತೊಡಗಿದಳು. ಹೊರಗೆ ಸೌತೆ ಚಪ್ಪರದ ಒಣಬಳ್ಳಿಯ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು.

"ಮದುವೆ ಹೊಸದರಲ್ಲಿ ಹೀಗೆ ಮಾಡಿದ್ರೆ ಊರೆಲ್ಲ ನಗ್ತಿತ್ತು," ಎಂದಳು.

"ಊರಿಗೂ ವಯಸ್ಸಾಯ್ತು ಬಿಡು. ಕಣ್ಣು ಕಾಣಲ್ಲ."

"ನಿಮ್ಮ ಸೊಂಟಕ್ಕೆ ಮಾತ್ರ ವಯಸ್ಸಾಗಿರೋದು, ಅಲ್ವಾ?"

"ಹ್ಞೂಂ. ಸೊಂಟ ಬಗ್ಗಲ್ಲ."

ಸೊಂಟಕ್ಕೆ ಏನೂ ಆಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅಂಗಿಯ ಗುಂಡಿ, ಕಡ್ಡಿಪೆಟ್ಟಿಗೆಯ ಕಡ್ಡಿ, ಈ ಕೊಂಡಿ, ಚಿಕ್ಕದಾದದ್ದು ಯಾವುದೂ ಎರಡು ಚಳಿಗಾಲದಿಂದ ಟೊಕುಜಿಯ ಬೆರಳಿಗೆ ಸಿಗುತ್ತಿರಲಿಲ್ಲ. ಸೊಂಟದ ಕಥೆಯನ್ನು ಅವನು ಹೇಳುತ್ತಿದ್ದ, ಇವಳು ಕೇಳುತ್ತಿದ್ದಳು, ಬೆಳಗು ಸಾಗುತ್ತಿತ್ತು.

ಟೊಕುಜಿ ಫುರುಹಾತ ಕಿಸೊ ಕಣಿವೆಯ ಒಕುಸಾವ ಊರಿನ ಮರಕಡಿಯುವವನು. ಶಾಲೆ ಬಿಟ್ಟ ವರ್ಷವೇ ಅಪ್ಪನ ಹಿಂದೆ ಕಾಡಿಗೆ ಹೋದ. ಆಗ ಕೈಗರಗಸದ ಕಾಲ. ಸಂಜೆ ಬಿಡಾರದಲ್ಲಿ ಗಂಡಸರೆಲ್ಲ ಒಲೆಯ ಸುತ್ತ ಕೂತು ಗರಗಸದ ಹಲ್ಲು ಮಸೆಯುತ್ತಿದ್ದರು. ಹಲ್ಲು ಮಸೆಯಲು ಬಾರದವನಿಗೆ ಹೆಣ್ಣು ಸಿಗುವುದಿಲ್ಲ ಎಂಬ ಮಾತಿತ್ತು. ಆಮೇಲೆ ಮೋಟಾರು ಗರಗಸ ಬಂತು. ಇಬ್ಬರು ಬೆಳಗಿನಿಂದ ಬೆವರು ಸುರಿಸಿ ಕೊಯ್ಯುತ್ತಿದ್ದ ಹಿನೊಕಿ ಮರವನ್ನು ಅದು ಅನ್ನ ಬೇಯುವಷ್ಟರಲ್ಲಿ ಕೆಡವಿತು. ಒಕುಸಾವದಲ್ಲಿ ಅದನ್ನು ಮೊದಲು ಹಿಡಿದವನು ಟೊಕುಜಿ. ಊರ ಮಕ್ಕಳು ಅವನ ಹಿಂದೆ ಸೇತುವೆಯ ತನಕ ಓಡುತ್ತಿದ್ದವು. ಅವನು ನಡೆದುಹೋದ ದಾರಿಯಲ್ಲಿ ಪೆಟ್ರೋಲಿನ ವಾಸನೆ ಉಳಿಯುತ್ತಿತ್ತು, ಅದು ಅವನಿಗೆ ಅತ್ತರಿನಂತೆ ಇತ್ತು ಎಂದು ಕಿನುಯೊ ಈಗಲೂ ಹಂಗಿಸುತ್ತಾಳೆ.

ಹಗಲೆಲ್ಲ ಗರಗಸ ಓಡಿಸಿದ ಕೈ ಹಾಸಿಗೆಗೆ ಬಂದ ಮೇಲೂ ಜುಮುಜುಮು ಎನ್ನುತ್ತಿತ್ತು. ಒಳ್ಳೆಯ ದುಡಿಮೆಯ ಲಕ್ಷಣ ಎಂದುಕೊಂಡ. ಕೆಲವು ವರ್ಷ ಕಳೆದ ಮೇಲೆ ಚಳಿಗಾಲದ ಒಂದು ಬೆಳಗ್ಗೆ ಮೋಟರ್‌ಬೈಕಿನಲ್ಲಿ ಹೋಗುತ್ತಿದ್ದಾಗ ಎಡಗೈಯ ಉಂಗುರದ ಬೆರಳು ಬೆಳ್ಳಗಾಯಿತು. ಬೆಳ್ಳಗೆ ಎಂದರೆ ರಕ್ತವೇ ಇಲ್ಲದ ಬಿಳುಪು. ದೇವರ ಮುಂದೆ ಹಚ್ಚುವ ಮೇಣದ ಬತ್ತಿಯ ಹಾಗೆ, ಎರಡನೆಯ ಗೆಣ್ಣಿನ ತನಕ, ಗೆರೆ ಎಳೆದಂತೆ. ಬಿಡಾರದ ಒಲೆಗೆ ಕೈ ಹಿಡಿದಾಗ ಮೊದಲು ನೀಲಿ, ಆಮೇಲೆ ಕೆಂಪು, ಆಮೇಲೆ ಬಾಗಿಲಿಗೆ ಸಿಕ್ಕಿದಂಥ ನೋವು. ಮುಂದಿನ ಚಳಿಗೆ ನಡುಬೆರಳು. ಅದರ ಮುಂದಿನದಕ್ಕೆ ಬಲಗೈ.

ನಮ್ಮ ಕಣಿವೆಯಲ್ಲಿ ಇದಕ್ಕೆ ಮೇಣದ ಕಾಯಿಲೆ ಎನ್ನುತ್ತಾರೆ. ಪಕ್ಕದ ಊರಿನವನಿಗೆ ಬಂದಿದೆ ಎನ್ನುತ್ತಾರೆ. ತಮಗೆ ಬಂದಿದೆ ಎಂದು ಯಾರೂ ಅನ್ನುವುದಿಲ್ಲ. ಬಂದಿದೆ ಎಂದರೆ ಗರಗಸ ಕೈ ಬಿಡುತ್ತದೆ, ಹೆಂಗಸರ ಜೊತೆ ಸಸಿಮಡಿಯಲ್ಲಿ ಕಳೆ ಕೀಳಬೇಕಾಗುತ್ತದೆ. ಅದಕ್ಕಿಂತ ಹಳೆಯ ಮಾತೂ ಒಂದಿದೆ: ಬೆಟ್ಟದಮ್ಮ ಸಿಟ್ಟಾಗಿ ಕೈ ಹಿಡಿದುಕೊಂಡಿದ್ದಾಳೆ ಎಂಬುದು. ಬೆಟ್ಟದಮ್ಮ ಕುರೂಪಿ, ಮೇಲೆ ಹೊಟ್ಟೆಕಿಚ್ಚಿನವಳು. ತನಗಿಂತ ವಿಕಾರವಾದ ಮುಖ ಕಂಡರೆ ಮಾತ್ರ ಅವಳಿಗೆ ಸಮಾಧಾನ. ಅದಕ್ಕೇ ಒಣಗಿಸಿದ ಸೊಟ್ಟ ಮೋರೆಯ ಸಮುದ್ರದ ಮೀನೊಂದನ್ನು ಕಾಗದದಲ್ಲಿ ಸುತ್ತಿ ಪ್ರತಿ ಮನೆಯಲ್ಲೂ ಇಟ್ಟುಕೊಂಡಿರುತ್ತಾರೆ. ಟೊಕುಜಿ ಆ ವರ್ಷ ಹಳೆಯ ಮೀನು ತೆಗೆದು ಹೊಸದನ್ನು ತಂದಿಟ್ಟ.

ಕೊನೆಯ ಕೊಂಡಿ ಸಿಕ್ಕಿಸಿ ಅವಳು ಅವನ ಕಾಲನ್ನು ಮೆಲ್ಲಗೆ ತಟ್ಟಿದಳು. "ಸಂಜೆ ಸಭೆ ಇದೆ. ಪಟ್ಟಣದಿಂದ ಡಾಕ್ಟ್ರಮ್ಮ ಬರ್ತಾರೆ. ಮರೀಬೇಡಿ."

"ನನಗೇನಾಗಿದೆ ಅಂತ ಡಾಕ್ಟ್ರು?"

"ಸೊಂಟಕ್ಕೆ," ಎಂದಳು ಕಿನುಯೊ.

ಊರಿನ ಸಭಾಮನೆಯಲ್ಲಿ ಆ ಸಂಜೆ ಚಾಪೆ ತುಂಬ ಗಂಡಸರು ಕೂತಿದ್ದರು. ಸೊನೊಬೆ ಎಂಬ ವೈದ್ಯೆ ಗಿಡ್ಡನೆಯ ಹೆಂಗಸು, ನಲವತ್ತರ ಆಸುಪಾಸು, ಗಟ್ಟಿ ದನಿ. ಗರಗಸದ ಸದ್ದಿಗೆ ಅರ್ಧ ಕಿವುಡಾದವರಿಗೆ ಹೇಗೆ ಮಾತಾಡಬೇಕೆಂದು ಆಕೆಗೆ ಗೊತ್ತಿತ್ತು.

"ಬಿಗಿಯಾಗಿ ಹಿಡೀಬೇಡಿ," ಎಂದರು. "ಹಿಡಿತ ಬಿಗಿಯಾದಷ್ಟೂ ಮಿಷನ್ನಿನ ನಡುಕ ಒಳಗೆ ಇಳಿಯುತ್ತೆ. ಕೈ ಮರಗಟ್ಟಿದೋರು ಹಿಡಿದಿದ್ದು ಗೊತ್ತಾಗದೆ ಇನ್ನೂ ಬಿಗಿ ಹಿಡೀತಾರೆ, ಅದೇ ಅಪಾಯ. ಹಲ್ಲು ಮೊಂಡಾದ್ರೆ ನಡುಕ ಜಾಸ್ತಿ, ಹಿಂದೆ ಮಸೀತಿದ್ರಲ್ಲ, ಹಾಗೆ ಮಸೀರಿ. ಒಂದೇ ಸಮ ಓಡಿಸ್ಬೇಡಿ. ದಿನಕ್ಕೆ ಎರಡು ಗಂಟೆ ಸಾಕು, ಅದೂ ನಡುನಡುವೆ ಬಿಟ್ಟು. ಮಿಕ್ಕ ಹೊತ್ತು ಬೇರೆ ಕೆಲಸ ಮಾಡಿ. ಕೈ ಒಂದೇ ಅಲ್ಲ, ಮೈಯೂ ಬೆಚ್ಚಗಿರ್ಬೇಕು. ಬೀಡಿ ಬಿಡಿ, ಅದು ಇರೋ ರಕ್ತಾನೂ ಬೆರಳಿಗೆ ಬಿಡಲ್ಲ."

ಸೇಕಿಚಿ ಕೈ ಎತ್ತಿದ. ಟೊಕುಜಿಯ ಓರಗೆಯವನು, ಪಕ್ಕದ ಮನೆ, ಚಿಕ್ಕಂದಿನಿಂದ ಅವನ ಎದುರಾಳಿ. "ಡಾಕ್ಟ್ರಮ್ಮಾ, ಬಿಗಿಯಾಗಿ ಹಿಡೀಬಾರದು, ತುಂಬ ಹೊತ್ತು ಮಾಡಬಾರದು, ಬೀಡಿ ಸೇದಬಾರದು. ಇದು ಗರಗಸದ ಮಾತೋ, ನಮ್ಮತ್ತೆ ಮದುವೆ ದಿನ ಹೇಳಿದ ಮಾತೋ?"

ಸಭೆ ಬಿದ್ದು ಬಿದ್ದು ನಕ್ಕಿತು. ಸೊನೊಬೆಯೂ ನಕ್ಕರು. "ಅತ್ತೆ ಮಾತು ಕೇಳಿದ್ರಾ?"

"ಎಲ್ಲಿ ಕೇಳ್ತೀನಿ!"

"ಅದಕ್ಕೇ ನಾನು ಬರಬೇಕಾಯ್ತು."

ನಗು ಇಳಿದ ಮೇಲೆ ಆಕೆ ಕೇಳಿದರು: "ಬೆರಳು ಬೆಳ್ಳಗಾಗೋದು ಯಾರಿಗಿದೆ? ಮುಂಚೆ ಬಂದ್ರೆ ಏನಾದ್ರೂ ಮಾಡಬಹುದು. ತಡ ಆದ್ರೆ ಸ್ಪರ್ಶ ಹೋಗಿದ್ದು ಹೋಗೇ ಹೋಗುತ್ತೆ. ಕೈ ಎತ್ತಿ ಸಾಕು, ಹೆಸರು ಬೇಡ."

ಯಾರೂ ಎತ್ತಲಿಲ್ಲ. ಎಲ್ಲರ ಕೈಯೂ ಅಂಗಿಯ ತೋಳಿನೊಳಗೆ ಸೇರಿತ್ತು. ಚಳಿ ಇತ್ತಲ್ಲ, ಸಹಜವೇ. ಟೊಕುಜಿ ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಡಾಕ್ಟ್ರಮ್ಮ ಹೋದ ಮೇಲೆ ಸಭೆಯ ಎರಡನೆಯ ವಿಷಯ ಬಂತು. ಊರ ಗುಡಿಯ ದೊಡ್ಡ ಕಂಬ ಹುಳು ಹಿಡಿದಿತ್ತು; ಹೊಸ ಕಂಬಕ್ಕೆ ಮರ ಆರಿಸಿ ಆಗಿತ್ತು. ಗುಡಿಯ ಮರಕ್ಕೆ ಮೋಟಾರು ಗರಗಸ ತಾಗಿಸುವುದಿಲ್ಲ. ಕೊಡಲಿಯೊಂದೇ. ಮೂರು ಕಡೆಯಿಂದ ಕಡಿದು ಒಳಗೆ ಟೊಳ್ಳು ಮಾಡುತ್ತಾರೆ, ಒಲೆಯ ಮೂರು ಗುಂಡಿನ ಹಾಗೆ ಮರ ಮೂರು ಕಾಲಿನ ಮೇಲೆ ನಿಲ್ಲುತ್ತದೆ. ಆಮೇಲೆ ಹಿಂದಿನ ಒಂದು ಕಾಲನ್ನು ಕಡಿದರೆ ಮರ ಮಿಕ್ಕೆರಡರ ನಡುವೆ ಮಲಗುತ್ತದೆ. ನಮ್ಮಲ್ಲಿ ಮರ ಬೀಳುವುದಿಲ್ಲ, ಮಲಗುತ್ತದೆ. ಆ ಕೊನೆಯ ಕಾಲು ಕಡಿಯುವಾಗ ಒಬ್ಬ ಕಾಂಡದ ಮೇಲೆ ಅಂಗೈ ಇಟ್ಟು ನಿಲ್ಲಬೇಕು. ಮರ ಹೊರಡುವ ಮೊದಲು ಒಳಗೊಳಗೇ ನಡುಗುತ್ತದೆ. ಕಣ್ಣಿಗೆ ಕಾಣುವ ಮೊದಲು ಅಂಗೈಗೆ ಗೊತ್ತಾಗುತ್ತದೆ. ಅವನು ಕೂಗಿದ ಮೇಲೆ ಕೊಡಲಿಯವನು ಎರಡು ಏಟು ಹಾಕಿ ಹಾರಿ ಸರಿಯುತ್ತಾನೆ. ಕೂಗು ತಡವಾದರೆ ಕಾಂಡ ಉದ್ದಕ್ಕೂ ಸೀಳಿ ಹಿಂದಕ್ಕೆ ಒದೆಯುತ್ತದೆ. ಒದ್ದರೆ ಕೊಡಲಿಯವನು ಉಳಿಯುವುದಿಲ್ಲ.

ಊರ ಹಿರಿಯ ಜಿನ್ಶಿಚಿ ಅಜ್ಜ ಹೆಸರು ಹೇಳಿದ. "ಕೊನೇ ಕಾಲು ಕಡಿಯೋಕೆ ಹುಡುಗ ಇಸಾಮು. ಅಂಗೈ ಟೊಕುಜಿದು. ಅವನಪ್ಪಂದೂ ಅದೇ ಆಗಿತ್ತು."

ಎಲ್ಲರೂ ತಲೆಯಾಡಿಸಿದರು. ಸೇಕಿಚಿಯೂ ಆಡಿಸಿದ, ಎಂದಿಗಿಂತ ಬೇಗ. ಟೊಕುಜಿ ಹಣೆ ಚಾಪೆಗೆ ತಾಗುವಂತೆ ಬಗ್ಗಿದ. ಕೈ ತೊಡೆಯಡಿಯಲ್ಲೇ ಇತ್ತು.

ಇಲ್ಲಿ ಬೆಕ್ಕಿನ ವಿಷಯ ಹೇಳಬೇಕು. ಟೊಕುಜಿಯ ಮನೆಯಲ್ಲಿ ಸುಮಿ ಎಂಬ ಕರಿ ಬೆಕ್ಕಿದೆ. ಚಳಿಗಾಲದ ಸಂಜೆ, ಅಡಿಯಲ್ಲಿ ಕೆಂಡವಿಟ್ಟು ಮೇಲೆ ದಪ್ಪ ಹೊದಿಕೆ ಹೊದಿಸಿದ ಮೇಜಿನ ಮುಂದೆ ಅವನು ಕೂತರೆ ಸಾಕು, ಅದು ತೊಡೆಗೆ ಬರುತ್ತದೆ. ಆ ವರ್ಷದ ಮಳೆಗಾಲದಿಂದಲೇ ಟೊಕುಜಿಗೆ ಅದರ ಮೇಲೆ ಒಂದು ದೂರಿತ್ತು.

"ಈ ಸುಮಿಗೆ ಏನಾಯ್ತೇ? ಗುರುಗುರು ಅನ್ನೋದೇ ಬಿಟ್ಟುಬಿಟ್ಟಿದೆ."

ಕಿನುಯೊ ಮೊದಲ ಸಲ ತಮಾಷೆ ಎಂದುಕೊಂಡಳು. ಅವನು ಬಿಡಲಿಲ್ಲ.

"ಮುನಿಸು. ಆವತ್ತು ಬಾಲ ತುಳಿದೆನಲ್ಲ, ಅದನ್ನೇ ಮನಸ್ಸಲ್ಲಿಟ್ಟುಕೊಂಡಿದೆ. ಹೆಣ್ಣು ಬೆಕ್ಕು ನೋಡು."

ಅದರ ಮುನಿಸು ಇಳಿಸಲು ತನ್ನ ತಟ್ಟೆಯ ಮೀನಿನ ತಲೆಯನ್ನೆಲ್ಲ ಅದಕ್ಕೆ ಕೊಡತೊಡಗಿದ. ಒಮ್ಮೊಮ್ಮೆ ನಡುತುಂಡನ್ನೂ. ಬೆಕ್ಕು ತಿಂಗಳೊಪ್ಪತ್ತಿನಲ್ಲಿ ಕುಂಬಳಕಾಯಿಯಾಯಿತು. ತೊಡೆಯ ಮೇಲೆ ಅದನ್ನು ನೀವುತ್ತ, "ಇನ್ನೂ ಕೋಪ ಹೋಗಿಲ್ವಾ ನಿನಗೆ?" ಎಂದು ಅವನು ಕೇಳುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಬೆಕ್ಕು ಗುರುಗುರು ಎನ್ನುವುದೂ ಅಡುಗೆಮನೆಗೆ ಕೇಳಿಸುತ್ತಿತ್ತು. ಹಲಗೆ ಬಾಗಿಲು ಹಾಕಿದ್ದರೂ.

ಕಿನುಯೊಗೆ ಒಂದೇ ಸಲಕ್ಕೆ ತಿಳಿಯಲಿಲ್ಲ. ಕಿವಿ ಮಂದವಾಗಿದೆ ಎಂಬುದು ಹಳೆಯ ವಿಷಯ. ಆ ಮನೆಯಲ್ಲಿ ಎಲ್ಲ ಮಾತೂ ಸ್ವಲ್ಪ ಗಟ್ಟಿಯಾಗಿಯೇ ನಡೆಯುತ್ತದೆ. ಬೆರಳ ತುದಿ ಹೋಗಿದೆ ಎಂಬುದನ್ನು ಗುಂಡಿ, ಕೊಂಡಿಗಳು ಹೇಳಿದ್ದವು. ಆದರೆ ಅಂಗೈ? ಅಂಗೈಯ ಕೆಳಗೆ ಇಡೀ ಬೆಕ್ಕು ಅಷ್ಟು ದೊಡ್ಡದಾಗಿ ಗುರುಗುಟ್ಟುತ್ತಿದ್ದರೂ ತಿಳಿಯದಿರುವುದು ಎಂದರೇನು? ತಿಳಿದ ದಿನ ಅವಳು ಸೊಪ್ಪು ಹೆಚ್ಚುತ್ತಿದ್ದಳು. ಮುನಿಸಿಕೊಂಡಿರುವುದು ಬೆಕ್ಕೇ ಎಂದು ಅವನು ನಂಬಿದ್ದರೆ ನಂಬಲಿ ಎಂದು ಸುಮ್ಮನಿದ್ದಳು.

ಸುಮ್ಮನಿರಲಾಗದಂತೆ ಮಾಡಿದವಳು ಫುಸಾ, ಇಸಾಮುವಿನ ಹೆಂಡತಿ. ಚೊಚ್ಚಲ ಬಸುರಿ. ಮರ ಮಲಗಿಸುವ ಹಿಂದಿನ ದಿನ ಬೇಯಿಸಿದ ಕೆಸುವಿನ ಗೆಡ್ಡೆ ಹಿಡಿದುಕೊಂಡು ಬಂದಳು.

"ನನ್ನಮ್ಮ ಹೆದರ್ಕೋತಾಳೆ ಅಕ್ಕ. ಕೊನೇ ಕಾಲು ಬೇಡ ಅನ್ನು ಅಂತಾಳೆ. ನಾನಂದೆ, ಅಂಗೈ ಟೊಕುಜಿಯಣ್ಣಂದು, ನನಗೇನು ಭಯ ಅಂತ."

"ಕೂತ್ಕೋ, ಚಹಾ ಕುಡಿ," ಎಂದಳು ಕಿನುಯೊ.

ಸಂಜೆ ಊಟವಾಯಿತು. ಉಪ್ಪಿಲ್ಲದೆ ಹುಳಿ ಬರಿಸಿದ ಸೊಪ್ಪಿನ ಸಾರು, ಫುಸಾ ತಂದ ಗೆಡ್ಡೆ. ಟೊಕುಜಿ ಕೆಂಡದ ಮೇಜಿಗೆ ಕೂತ, ಸುಮಿ ಅವನ ತೊಡೆಗೆ ಬಂತು.

"ರೀ, ಸುಮಿ ಏನು ಮಾಡ್ತಿದೆ?"

"ಮಲಗಿದೆ."

"ಗುರುಗುರು ಅಂತಿಲ್ವಾ?"

"ಅದು ಬಿಟ್ಟು ಯಾವ ಕಾಲವಾಯ್ತು. ನೀನೇ ನೋಡ್ತಿದ್ದೀಯಲ್ಲ."

ಕಿನುಯೊ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ಎರಡೂ ಕೈಯಲ್ಲಿ ಬೆಕ್ಕನ್ನು ಎತ್ತಿ, ಅದರ ಮಗ್ಗುಲನ್ನು ಗಂಡನ ದವಡೆಗೆ ಒತ್ತಿ ಹಿಡಿದಳು.

"ಏನೇ ಇದು! ಬಾಯಿಗೆಲ್ಲ ಕೂದಲು..." ಎಂದವನು ಮಾತು ನಿಲ್ಲಿಸಿದ.

ದವಡೆಯ ಮೂಳೆಗೆ ಅದು ಬಂತು. ಅಲ್ಲಿಂದ ಹಲ್ಲಿನ ಬುಡಕ್ಕೆ, ಅಲ್ಲಿಂದ ಕಿವಿಯ ಹಿಂದಕ್ಕೆ. ಗುರುಗುರು, ಗುರುಗುರು, ನಿಲ್ಲದೆ. ಅವನು ಬೆಕ್ಕನ್ನು ತಾನೇ ಹಿಡಿದುಕೊಂಡ. ದವಡೆಗೆ ತಾಗಿಸಿ ನೋಡಿದ, ಇಳಿಸಿ ಅಂಗೈಯಲ್ಲಿ ಒತ್ತಿ ನೋಡಿದ, ಮತ್ತೆ ದವಡೆಗೆ. ಸುಮಿಗೆ ಬೇಸರವಾಗಿ ಕೊಸರಿಕೊಂಡು ಹೋಯಿತು.

"ಯಾವಾಗಿಂದ ಮತ್ತೆ ಶುರು ಮಾಡ್ತು?"

"ಅದು ಬಿಟ್ಟೇ ಇರಲಿಲ್ಲ ರೀ."

ಟೊಕುಜಿ ತನ್ನ ಎರಡೂ ಅಂಗೈಗಳನ್ನು ದೀಪದ ಕೆಳಗೆ ತಿರುಗಿಸಿ ನೋಡಿದ.

"ಮೀನಿನ ತಲೆ ಎಲ್ಲ ದಂಡ," ಎಂದ ಕಡೆಗೆ.

ಕಿನುಯೊ ನಗಲಿಲ್ಲ. "ಫುಸಾ ಬಂದಿದ್ಲು. ಗೆಡ್ಡೆ ಅವಳು ತಂದಿದ್ದು."

"ಗೊತ್ತು. ಸಿಹಿ ಜಾಸ್ತಿ."

"ನಾಳೆ ಇಸಾಮು ಕೊನೇ ಕಾಲಿಗೆ ನಿಲ್ತಾನೆ."

"ಅದೂ ಗೊತ್ತು. ಮರದ ತುದಿ ನೋಡ್ಕೊಂಡು ಹೇಳಬಹುದು, ಕಿನು. ಅಪ್ಪ ಬರೀ ಅಂಗೈ ನಂಬ್ತಿರಲಿಲ್ಲ."

"ತುದಿ ಅಲ್ಲಾಡೋ ಹೊತ್ತಿಗೆ ತಡವಾಗಿರುತ್ತೆ ಅಂತಿದ್ದೋರು ನಿಮ್ಮಪ್ಪಾನೇ."

ಕಿನುಯೊ ಅವನ ಕೈಗಳನ್ನು ಎಳೆದುಕೊಂಡು ಹೊದಿಕೆಯ ಕೆಳಗೆ ಕೆಂಡದ ಹತ್ತಿರ ತನ್ನ ಕೈಗಳ ನಡುವೆ ಇಟ್ಟುಕೊಂಡಳು. ಬಿಸಿ ಹೆಚ್ಚಾಗಿ ಸುಟ್ಟರೂ ಅವನಿಗೆ ತಿಳಿಯುವುದಿಲ್ಲ; ಅದನ್ನು ತನ್ನ ಕೈಯಿಂದ ನೋಡಿಕೊಳ್ಳುವುದು ಅವಳಿಗೆ ರೂಢಿಯಾಗಿತ್ತು.

ಬೆಳಗ್ಗೆ ಎಲ್ಲ ಕೊಂಡಿಗಳನ್ನೂ ಹಾಕಿದಳು. ಕೆಂಡವಿಟ್ಟು ಬಟ್ಟೆ ಸುತ್ತಿದ ಬಿಸಿ ಡಬ್ಬಿಯೊಂದನ್ನು ಅವನ ಹೊಟ್ಟೆಪಟ್ಟಿಯೊಳಗೆ ಸೇರಿಸಿದಳು. ಗುಡಿಯ ಮರ ಕಡಿಯುವ ದಿನ ಹೆಂಗಸರು ಬೆಟ್ಟ ಹತ್ತುವಂತಿಲ್ಲ, ಬೆಟ್ಟದಮ್ಮನಿಗೆ ಸೇರುವುದಿಲ್ಲ. ಅವಳು ಸೇತುವೆಯ ಈಚೆಗೇ ನಿಂತಳು. ಟೊಕುಜಿ ಆ ದಿನ ಮೋಟರ್‌ಬೈಕ್ ತೆಗೆಯಲಿಲ್ಲ, ನಡೆದೇ ಹೋದ.

ಮರದ ಬುಡದಲ್ಲಿ ಉಪ್ಪು ಚೆಲ್ಲಿ, ಅಕ್ಕಿ ಹೆಂಡ ಸುರಿದು, ಸೊಟ್ಟ ಮೋರೆಯ ಮೀನನ್ನು ಬೆಟ್ಟದಮ್ಮನಿಗೆ ತೋರಿಸಿ ಕೊಡಲಿ ಹಾಕತೊಡಗಿದರು. ಟೊಕುಜಿ, ಸೇಕಿಚಿ, ಇಸಾಮು ಮೂರು ಕಡೆ. ಸುಸ್ತಾದವರಿಂದ ಬೇರೆಯವರು ಕೊಡಲಿ ತೆಗೆದುಕೊಳ್ಳುತ್ತಿದ್ದರು. ಹಿನೊಕಿಯ ವಾಸನೆ ಇಡೀ ಇಳಿಜಾರಿಗೆ ಹಬ್ಬಿತು. ನಡುಹಗಲಿನ ಹೊತ್ತಿಗೆ ಮೂರು ಕಡೆಯ ಕಡಿತಗಳೂ ಒಳಗೆ ಕೂಡಿದವು. ಇತ್ತಲಿಂದ ಇಣುಕಿದರೆ ಅತ್ತಲಿನವನ ಮೊಣಕಾಲು ಕಾಣುತ್ತಿತ್ತು. ಮರ ಮೂರು ಕಾಲಿನ ಮೇಲೆ ನಿಂತಿತು.

"ಅಂಗೈ," ಎಂದು ಜಿನ್ಶಿಚಿ ಅಜ್ಜ ಕರೆದ.

ಟೊಕುಜಿ ಕೈಗವಸು ಕಳಚಿ ಹಿಂದಿನ ಕಾಲಿನ ಪಕ್ಕಕ್ಕೆ ಹೋಗಿ ನಿಂತ. ಕಾಂಡದ ಮೇಲೆ ಅಂಗೈ ಇಟ್ಟ. ತೊಗಟೆ ಒರಟು ಎಂದು ಕಣ್ಣು ಹೇಳಿತು. ಕೈ ಏನೂ ಹೇಳಲಿಲ್ಲ. ಇಸಾಮು ಅಂಗೈಗೆ ಉಗುಳಿಕೊಂಡು ಕೊಡಲಿ ಎತ್ತಿದ.

"ನಿಲ್ಲೋ ಇಸಾಮು."

ಕೊಡಲಿ ಮೇಲೆಯೇ ನಿಂತಿತು.

"ನನ್ನ ಅಂಗೈ ಸತ್ತಿದೆ."

"ಟೊಕುಜಿಯಣ್ಣ, ಈಗ ತಮಾಷೆ ಮಾಡಬೇಡ."

ಟೊಕುಜಿ ಎರಡೂ ಕೈಗಳನ್ನು ಎತ್ತಿ ತೋರಿಸಿದ. ಬೆಳಗಿನಿಂದ ಚಳಿಯಲ್ಲಿದ್ದ ಬೆರಳುಗಳು ಬುಡದ ತನಕ ಬಿಳಿಚಿಕೊಂಡಿದ್ದವು. "ಮನೆ ಬೆಕ್ಕು ಗುರುಗುಟ್ಟೋದು ಗೊತ್ತಾಗಲ್ಲ ನನಗೆ. ಮರದ್ದು ಹೇಗೆ ಗೊತ್ತಾಗುತ್ತೆ? ಸೇಕಿಚಿ, ನೀನಿಡು ಕೈ."

ಸೇಕಿಚಿ ತನ್ನ ಕೊಡಲಿಯ ಕಾವು ನೋಡುತ್ತ ನಿಂತಿದ್ದ. ಆಮೇಲೆ ಹಲ್ಲಿನಲ್ಲಿ ಕಚ್ಚಿ ಕೈಗವಸು ಎಳೆದ. ಅವನ ಬೆರಳುಗಳೂ ಮೇಣದ ಬತ್ತಿಗಳೇ.

"ನೀನೂನಾ? ಯಾವಾಗಿಂದ?"

"ನಿನಗಿಂತ ಮುಂಚಿನಿಂದಲೇ ಇರಬೇಕು. ಯಾವುದರಲ್ಲೂ ನಿನ್ನನ್ನ ಹಿಂದೆ ಹಾಕೋಕಾಗಿರಲಿಲ್ಲ, ಇದರಲ್ಲಿ ಹಾಕಿದ್ದೀನಿ."

ಯಾರೂ ನಗಲಿಲ್ಲ. ಮೂರು ಕಾಲಿನ ಮೇಲೆ ನಿಂತ ಮರವನ್ನು ಹಾಗೇ ಬಿಟ್ಟು ಹೋಗುವಂತಿರಲಿಲ್ಲ. ಗಾಳಿ ಬಂದರೆ ಅದು ತನಗೆ ಬೇಕಾದ ಕಡೆ ಮಲಗುತ್ತದೆ. ಬೇರೆ ಯಾರೂ ಕೈ ಇಡಲು ಮುಂದೆ ಬರದೆ ಜಿನ್ಶಿಚಿ ಅಜ್ಜನ ಕಡೆ ನೋಡಿದರು. ಆತ ಮೋಟಾರು ಗರಗಸ ಮುಟ್ಟಿದವನಲ್ಲ. ಅಜ್ಜ ತನ್ನ ಕೈ ಮುಂದೆ ಚಾಚಿದ. ಅದು ಎಲೆಯ ಹಾಗೆ ಅದುರುತ್ತಿತ್ತು.

"ನಾನಿಟ್ಟರೆ ಮರ ನಡುಗ್ತಿದೆಯೋ ನಾನು ನಡುಗ್ತಿದ್ದೀನೋ, ಬೆಟ್ಟದಮ್ಮನಿಗೇ ಗೊತ್ತಾಗಬೇಕು."

ಆಗ ಟೊಕುಜಿ ಹೇಳಿದ, ಸ್ವಲ್ಪ ನಾಚಿಕೆಯಿಂದ. "ದವಡೆಗೆ ಗೊತ್ತಾಗುತ್ತೆ ಅಜ್ಜ. ನಿನ್ನೆ ಕಿನು ಬೆಕ್ಕನ್ನ ದವಡೆಗೆ ಹಿಡಿದಳು. ಹಲ್ಲಿನ ತನಕ ಬಂತು."

"ದವಡೆ!" ಎಂದ ಸೇಕಿಚಿ. "ಮರಕ್ಕೆ ಮುತ್ತಿಡ್ತೀಯೇನೋ? ಬೆಟ್ಟದಮ್ಮ ನೋಡಿದ್ರೆ..."

"ನೋಡಲಿ. ನನ್ನ ಮೋರೆ ನೋಡಿ ಸಮಾಧಾನ ಪಟ್ಕೋತಾಳೆ."

ಈ ಸಲ ನಗು ಬಂತು. ಆದರೆ ಅಜ್ಜ ಸುಮ್ಮನೆ ಒಪ್ಪಲಿಲ್ಲ. ಟೊಕುಜಿಗೆ ಕಣ್ಣು ಮುಚ್ಚಿ ದವಡೆ ಆನಿಸಲು ಹೇಳಿ, ಕಾಂಡದ ಆಚೆ ಬದಿಗೆ ಹೋಗಿ ಬೆರಳ ಗೆಣ್ಣಿನಿಂದ ಮೆಲ್ಲಗೆ ಕುಟ್ಟಿದ.

"ಈಗ," ಎಂದ ಟೊಕುಜಿ. ಇನ್ನೂ ಮೆಲ್ಲಗೆ ಕುಟ್ಟಿದ. "ಈಗ." ಅಜ್ಜ ಕುಟ್ಟದೆಯೇ ಕೇಳಿದ, "ಈಗ?"

"ಇಲ್ಲ."

"ಕಳ್ಳನಲ್ಲ," ಎಂದ ಅಜ್ಜ. "ಇಸಾಮು, ಜೀವ ನಿಂದು. ನೀನು ಹೇಳು."

ಇಸಾಮು ಮರದ ತುದಿ ನೋಡಿದ, ಟೊಕುಜಿಯ ಮುಖ ನೋಡಿದ. "ಸೇಕಿಚಿಯಣ್ಣನೂ ಆ ಮಗ್ಗುಲಲ್ಲಿ ದವಡೆ ಇಡಲಿ. ಯಾರಿಗೆ ಮೊದಲು ಬಂದ್ರೆ ಅವರು ಕೂಗಲಿ."

ಹಾಗೇ ಆಯಿತು. ಐವತ್ತು ದಾಟಿದ ಇಬ್ಬರು ಗಂಡಸರು ಟೋಪಿ ತೆಗೆದು, ಒಂದೇ ಮರಕ್ಕೆ ಎರಡು ಕಡೆಯಿಂದ ಕೆನ್ನೆ ಕೊಟ್ಟು ನಿಂತರು. ಇಸಾಮು ಕಡಿಯತೊಡಗಿದ. ಪ್ರತಿ ಏಟೂ ಟೊಕುಜಿಯ ಹಲ್ಲಿಗೆ ಬಂದು ಬಡಿಯಿತು, ಏಟಿನ ನಡುವೆ ಖಾಲಿ. ಏಟು, ಖಾಲಿ. ಏಟು, ಖಾಲಿ. ಆಮೇಲೊಂದು ಸಲ ಆ ಖಾಲಿಯಲ್ಲಿ ಏನೋ ಇತ್ತು. ಬೆಕ್ಕು ಗುರುಗುರು ಎನ್ನುವ ಮೊದಲು ಒಳಗೆ ಉಸಿರು ಎಳೆದುಕೊಳ್ಳುತ್ತದಲ್ಲ, ಅಷ್ಟು.

"ಮಲಗ್ತಿದೆ!"

ಇಬ್ಬರೂ ಒಟ್ಟಿಗೆ ಕೂಗಿದರು. ಇಬ್ಬರೂ ಎರಡು ಬದಿಗೆ ಸರಿದರು. ಇಸಾಮು ಎರಡು ಏಟು ಹಾಕಿ ಕೊಡಲಿ ಬಿಟ್ಟು ಮೇಲಕ್ಕೆ ಹಾರಿದ. ಮರ ನಿಧಾನಕ್ಕೆ ಮುಂದಕ್ಕೆ ಬಾಗಿ, ಉಳಿದೆರಡು ಕಾಲುಗಳ ನಡುವೆ, ಹಾಸಿಟ್ಟ ಸೊಪ್ಪಿನ ಮೇಲೆ ಉದ್ದಕ್ಕೆ ಮಲಗಿತು. ಕಾಂಡ ಎಲ್ಲೂ ಸೀಳಿರಲಿಲ್ಲ.

ತುದಿಯ ಚಿಗುರು ಮುರಿದು ತಂದು ಮೋಟಿನ ನಡುವೆ ಬೆಟ್ಟದಮ್ಮನ ಹೆಸರಲ್ಲಿ ಸಿಕ್ಕಿಸುವುದು ಅಂಗೈಯವನ ಕೆಲಸ. ಚಿಕ್ಕ ಕೊಂಬೆ ಟೊಕುಜಿಯ ಬೆರಳಿನಿಂದ ಜಾರಿತು. ಇಸಾಮು ಬಗ್ಗಿ ಎತ್ತಿಕೊಟ್ಟ. ಇಬ್ಬರೂ ಸೇರಿ ಸಿಕ್ಕಿಸಿದರು.

ಬೆಂಕಿ ಹಾಕಿ ಅಕ್ಕಿ ಹೆಂಡ ಬಿಸಿ ಮಾಡುವಾಗ ಅಜ್ಜ ಹೇಳಿದ, "ಮೇಣದ ಕೈ ಯಾರ್ಯಾರದು ತೋರಿಸಿ ನೋಡೋಣ. ಡಾಕ್ಟ್ರಮ್ಮಂಗೆ ತೋರಿಸಬೇಡಿ, ನನಗೆ ತೋರಿಸಿ."

ಟೊಕುಜಿಯದು, ಸೇಕಿಚಿಯದು ಗೊತ್ತಿದ್ದವೇ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಕೈಗವಸು ಕಳಚಿತು. ಆಮೇಲೆ ಇನ್ನೊಂದು. ಒಬ್ಬೊಬ್ಬರೂ ಪಕ್ಕದವನ ಬೆರಳನ್ನೇ ನೋಡುತ್ತಿದ್ದರು. ತಾನೊಬ್ಬನೇ ಎಂದುಕೊಂಡು ಪ್ರತಿಯೊಬ್ಬನೂ ಇಷ್ಟು ಚಳಿಗಾಲ ಕಳೆದಿದ್ದ. ಇಸಾಮು ಕೊನೆಯಲ್ಲಿ ಕೈ ತೋರಿಸಿದ. "ನಂದು ಬೆಳ್ಳಗಾಗಲ್ಲ. ಜುಮುಜುಮು ಅನ್ನುತ್ತೆ ಅಷ್ಟೇ."

"ನನಗೂ ಅಷ್ಟೇ ಇತ್ತು," ಎಂದ ಟೊಕುಜಿ. "ನಿನ್ನ ವಯಸ್ಸಲ್ಲಿ."

"ಬೆಟ್ಟದಮ್ಮ ಇಷ್ಟು ಜನರ ಕೈ ಹಿಡೀಬೇಕಂದ್ರೆ ಅವಳಿಗೆಷ್ಟು ಕೈ ಇರಬೇಕು?" ಎಂದ ಅಜ್ಜ. "ಅವಳ ಮೇಲೆ ಸುಮ್ಮನೆ ಹೊರಿಸಿದ್ವಿ. ಪಾಪ."

"ಬೆಕ್ಕಿನ ಮೇಲೂ," ಎಂದ ಟೊಕುಜಿ.

ಕತ್ತಲಾಗುವ ಮುನ್ನ ಅವನು ಸೇತುವೆಗೆ ಬಂದ. ಕಿನುಯೊ ಅಲ್ಲೇ ಇದ್ದಳು, ಫುಸಾಳೂ ಇದ್ದಳು. ಇಸಾಮು ಹಿಂದೆಯೇ ಬರುವುದು ಕಂಡಮೇಲೆ ಫುಸಾ ಗಂಡನ ಕಡೆ ಹೋದಳು. ಕಿನುಯೊಳ ಕೈಗೆ ಟೊಕುಜಿ ಹಿನೊಕಿಯ ಒಂದು ಚಕ್ಕೆ ಕೊಟ್ಟ.

"ಹೇಳಿದ್ರಾ?"

"ಹೇಳಿದೆ. ಬೆಕ್ಕಿನ ವಿಷಯಾನೂ ಹೇಳಬೇಕಾಯ್ತು. ಇನ್ನು ಸಾಯೋ ತನಕ ನಗ್ತಾರೆ."

"ಗರಗಸ?"

"ಇಸಾಮು ಹೊತ್ಕೊಂಡು ಹೋಗಿ ಅರಣ್ಯದ ಕಚೇರೀಲಿ ಇಟ್ಟು ಬರ್ತಾನಂತೆ." ಸ್ವಲ್ಪ ದೂರ ನಡೆದ ಮೇಲೆ ಅವನೇ ಹೇಳಿದ, "ಸಸಿಮಡೀಲಿ ಮೇಸ್ತ್ರಿ ತುಂಬ ಜೋರಂತೆ, ಹೌದಾ?"

"ತುಂಬ," ಎಂದಳು ಕಿನುಯೊ. ಸಸಿಮಡಿಯ ಮೇಸ್ತ್ರಿ ಅವಳೇ.

ಈಗ ಸಂಜೆ ಟೊಕುಜಿ ಕೆಂಡದ ಮೇಜಿಗೆ ಒರಗಿ ಅಡ್ಡಾಗುತ್ತಾನೆ, ಬೆಕ್ಕು ಕುತ್ತಿಗೆಯ ಮಗ್ಗುಲಲ್ಲಿ ಮಲಗುತ್ತದೆ. ಮೀನಿನ ತಲೆ ನಿಂತಿದೆ. ಬೀಡಿ ನಿಂತಿಲ್ಲ, ಕಡಿಮೆಯಾಗಿದೆ. ಸೊನೊಬೆ ಅವರಿಗೆ ಜಿನ್ಶಿಚಿ ಅಜ್ಜ ಅಂಚೆಮನೆಯಿಂದ ಫೋನು ಮಾಡಿಸಿದ್ದಾನೆ. ಟೊಕುಜಿಗೆ ಹೋದ ಸ್ಪರ್ಶ ಪೂರ್ತಿ ಮರಳುತ್ತದೆಂದು ತಾನು ಮಾತು ಕೊಡಲಾರೆ ಎಂದು ಆಕೆ ಹೇಳಿದರಂತೆ. ಇಸಾಮುವಿನದು ಈಗಲೇ ನಿಲ್ಲಿಸಿದರೆ ಉಳಿಯಬಹುದು ಎಂದರಂತೆ.

ಸೋಮವಾರ ಬೆಳಗಿನ ಮೊದಲ ರೈಲಿಗೆ ಒಕುಸಾವದ ಮರಕಡಿಯುವವರೆಲ್ಲ ಪಟ್ಟಣದ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ಅವರು ಒಬ್ಬೊಬ್ಬರಾಗಿ ಕೈಯನ್ನು ತಣ್ಣೀರಿನಲ್ಲಿ ಮುಳುಗಿಸಿ ಬೆರಳು ಬೆಳ್ಳಗಾಗುವುದನ್ನು ತೋರಿಸಬೇಕು. ಹಿಮ ಕರಗಿದ ಮೇಲೆ ಟೊಕುಜಿ ಸಸಿಮಡಿಯ ಕೆಲಸಕ್ಕೆ ಸೇರುತ್ತಾನೆ.